ಮೋಡದಲ್ಲಿ ಆಸ್ಪತ್ರೆ, ಮರದಡಿ ಬೇಕರಿ

ಜೂನ್ 4

ಗುಬ್ಬಿಗೆ,

ಫೋನ್ ಮಾಡಬೇಡ ಅಂದಿದ್ದೀಯ, ಮಾಡಿಲ್ಲ. ಸೋಮವಾರ ನಿನ್ನ ನಂಬರಿಗೆ ಬಂದದ್ದು ಕೈ ತಗುಲಿ ಹೋದದ್ದು. ನೀನು ಕಲಿಸುವ ಕಂಪ್ಯೂಟರ್ ಕ್ಲಾಸಿನ ಆಫೀಸಿಗೆ ಮಾಡಿದ್ದು ಮಾತ್ರ ಬೇಕೆಂದೇ ಮಾಡಿದೆ, ಯಾಕೆಂದರೆ ನಿನ್ನ ಫೋನು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು, ನೀನು ನಿನ್ನ ಬಾಡಿಗೆ ರೂಮಿನ ಆ ಕಂಬಿ ಇಲ್ಲದ ಮೆಟ್ಟಿಲಿಂದ ಉರುಳಿದ್ದೀಯೇನೋ ಅಂದುಕೊಂಡೆ. "ಏನಾದರೂ ಇದ್ದರೆ ಕಾಗದ ಬರಿ, ನಿನ್ನ ಗಾಬರಿ ದಾರಿಯಲ್ಲೇ ತಣ್ಣಗಾಗುತ್ತೆ" ಅಂದೆಯಲ್ಲ ಅವತ್ತು ಮಳೆಯಲ್ಲಿ ನಿಂತು, ಆ ಮಾತು ಇನ್ನೂ ಕಿವಿಯಲ್ಲಿದೆ. ಸರಿ, ಬರೆದಿದ್ದೇನೆ. ಆದರೆ ಈ ಸಲದ್ದು ತಣ್ಣಗಾಗುವಂಥ ಗಾಬರಿಯಲ್ಲ.

ಪ್ರೆಸ್ಸಿನಲ್ಲಿ ನನ್ನ ಕೆಲಸಕ್ಕೆ ಕುತ್ತು ಬಂದಿದೆ. ಯಜಮಾನರು ಸೊಂಟ ಹಿಡಿದು ಮನೆಯಲ್ಲಿ ಮಲಗಿರುವುದರಿಂದ ಈಗ ಎಲ್ಲ ಅವರ ಅಳಿಯನದೇ ಕಾರುಬಾರು. ಅಳಿಯಂದಿರಿಗೆ ಅಚ್ಚಿನ ಕೆಲಸ ಗೊತ್ತಿಲ್ಲ, ಕಂಪ್ಯೂಟರೂ ಗೊತ್ತಿಲ್ಲ, ಆದರೆ ನಾಚಿಕೆ ಮಾತ್ರ ಜಾಸ್ತಿ. ಬಿಲ್ ಬುಕ್ಕಿಗೆ, ಔಷಧಿ ಲೇಬಲ್ಲಿಗೆ ಅಂತ ಬಂದ ಗಿರಾಕಿಗಳು ನನ್ನ ಕುರ್ಚಿಯ ಹಿಂದೆ ನಿಂತು ಪರದೆ ನೋಡುತ್ತಾರಲ್ಲ, ಹಾಗೆ ನಿಂತ ಒಬ್ಬರು, "ಏನ್ರೀ ಇದು, ನಮ್ಮಜ್ಜನ ಕಾಲದ್ದಾ?" ಅಂದುಬಿಟ್ಟರು. ಅವರು ಹೋದ ಮೇಲೆ ಅಳಿಯಂದಿರು ಬಂದು, "ಅಕ್ಕಾವ್ರೇ, ಇದನ್ನ ಗುಜರಿಗೆ ಹಾಕಿ ಹೊಸದು ತರಿಸ್ತೀನಿ. ಹೊಸದಕ್ಕೆ ಹೊಸಬ್ರೇ ಬೇಕಾಗ್ತಾರೆ, ಬೇಜಾರು ಮಾಡ್ಕೋಬೇಡಿ" ಅಂದರು. ಊಟದ ಡಬ್ಬಿ ಬಿಚ್ಚಿದವಳು ಹಾಗೇ ಮುಚ್ಚಿದೆ.

ಆ ಕಂಪ್ಯೂಟರ್ ಹೋದರೆ ನಾನೂ ಹೋದ ಹಾಗೆ. ನನ್ನ ಓದು ನಿನಗೆ ಗೊತ್ತು. ಸೇರಿಸಿದರು, ಬಿಡಿಸಿದರು, ಮತ್ತೆ ಸೇರಿಸಿದರು, ಅಮ್ಮ ಹಾಸಿಗೆ ಹಿಡಿದ ಮೇಲೆ ಪೂರ್ತಿ ಬಿಡಿಸಿದರು. ಪರದೆಯ ಮೇಲಿನ ಇಂಗ್ಲಿಷನ್ನು ನಾನು ಓದುವುದಿಲ್ಲ, ಜಾಗ ನೋಡಿ ಒತ್ತುತ್ತೇನೆ. ಎಡಗಡೆ ಮೂಲೆ, ಅದರ ಪಕ್ಕದ್ದು, ಅದರ ಮೇಲಿನದು. ಗಿರಾಕಿಗಳ ಫೈಲುಗಳನ್ನೂ ಹಾಗೆಯೇ ಇಟ್ಟುಕೊಂಡಿದ್ದೇನೆ. ಪರದೆಯ ಹಿಂದಿನ ಬೆಟ್ಟದ ಚಿತ್ರ ನೆನಪಿದೆಯಾ ನಿನಗೆ? ಶಾಲೆ ಬಿಟ್ಟು ಪ್ರೆಸ್ಸಿಗೆ ಬಂದು ನನ್ನ ಪಕ್ಕ ಸ್ಟೂಲಿನ ಮೇಲೆ ಕೂತು ನೀನು ಮೌಸ್ ಹಿಡಿಯಲು ಕಲಿತದ್ದು ಅದೇ ಬೆಟ್ಟದ ಮೇಲೆ. ಆಸ್ಪತ್ರೆಯವರದು ಮೋಡದಲ್ಲಿ, ಬೇಕರಿಯವರದು ಮರದ ಕೆಳಗೆ, ಶಾಲೆಯದು ಬೆಟ್ಟದ ತುದಿ, ಲೇಬಲ್ ಕಂಪನಿಯದು ಬೇಲಿಯ ಉದ್ದಕ್ಕೂ. ಜಗಳ ಆಡಿ ಬಿಟ್ಟುಹೋದ ಗಿರಾಕಿಗಳೆಲ್ಲ ಹೊಂಡದಲ್ಲಿ. ಯಾರ ಹೆಸರು ಹೇಳಿದರೂ ಕಣ್ಣು ಮುಚ್ಚಿ ತೆಗೆಯುತ್ತೇನೆ. ನಾನು ಜ್ವರದಲ್ಲಿ ಮಲಗಿದ್ದಾಗ ಯಾರೋ ಒಬ್ಬರನ್ನು ಕೂರಿಸಿದ್ದರು, ಅವರು ಸಂಜೆಯ ತನಕ ಹುಡುಕಿ ಹುಡುಕಿ, ಇದೇನು ಜಾತ್ರೆ ಮಾಡಿಟ್ಟಿದ್ದಾಳೆ ಅಂತ ಬೈದು ಎದ್ದುಹೋದರಂತೆ. ಕೆಳಗಡೆ ಬೈಂಡಿಂಗ್ ಮಾಡುವ ಮುದುಕರು ಇದ್ದಾರಲ್ಲ, ನಮ್ಮ ಬೈಂಡಿಂಗ್ ಮಾಮ, ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾರೆ.

ಒಳಗೆ ಹಳತೇ ಇರಲಿ, ಮೇಲೆ ಮಾತ್ರ ಹೊಸ ಕಂಪ್ಯೂಟರಿನ ಹಾಗೆ ಕಾಣುವಂತೆ ಮಾಡಲು ಬರುತ್ತದಂತೆ, ಹೌದಾ? ಬೇರೆಯವರ ಮಕ್ಕಳಿಗೆಲ್ಲ ಕಲಿಸುತ್ತೀಯ. ನನಗೂ ಇದೊಂದು ಹೇಳಿಕೊಡು. ಗಿರಾಕಿ ಹಿಂದೆ ನಿಂತರೆ ಅಳಿಯಂದಿರಿಗೆ ನಾಚಿಕೆಯಾಗಬಾರದು, ಅಷ್ಟೇ ಸಾಕು.

ಆ ಮೆಟ್ಟಿಲಿಗೆ ಕಂಬಿ ಹಾಕಿಸಿಕೊಡಲು ಮನೆಯವರಿಗೆ ಹೇಳಿದೆಯಾ? ಗೋಡೆ ಹಿಡಿದು ಇಳಿ. ಗ್ಯಾಸ್ ಆರಿಸಿದ್ದೀಯೋ ಇಲ್ಲವೋ ಇನ್ನೊಂದು ಸಲ ನೋಡು.

ಇಲ್ಲೇ ಕೂತು ನಿನ್ನ ದಾರಿ ಕಾಯುವ,
ಅಕ್ಕ


ಜೂನ್ 13

ಅಕ್ಕನಿಗೆ,

ಕಾಗದ ಸಿಕ್ಕಿತು. ದಯವಿಟ್ಟು ಆಫೀಸಿಗೆ ಫೋನ್ ಮಾಡಬೇಡ. ಫೋನ್ ಎತ್ತಿದವಳು ಕ್ಲಾಸಿನ ಬಾಗಿಲಲ್ಲಿ ನಿಂತು, "ಮೇಡಂ, ನೀವು ಮೆಟ್ಟಿಲಿಂದ ಬಿದ್ದಿಲ್ಲ ಅಂತ ನಿಮ್ಮಕ್ಕಂಗೆ ಹೇಳಿದೀನಿ" ಅಂದಳು. ಎಲ್ಲರೂ ನಕ್ಕರು. ನನಗಿಟ್ಟಿದ್ದ 'ಸ್ವೆಟರ್ ಮೇಡಂ' ಅನ್ನುವ ಹೆಸರು ಈಗಷ್ಟೇ ಮರೆತುಹೋಗುತ್ತಿತ್ತು, ಮತ್ತೆ ಶುರುವಾಗಿದೆ.

ನಿನಗೆ ಅದು ಇವತ್ತಿಗೂ ದೊಡ್ಡ ವಿಷಯವಲ್ಲ ಅಂತ ಗೊತ್ತು. ಮಳೆ ಬಂತು, ತಂಗಿ ಊರಿಗೆ ಬರಲಿಲ್ಲ, ಸ್ವೆಟರ್ ತಗೊಂಡು ಅವಳ ಕ್ಲಾಸಿಗೇ ಹೋದೆ, ಅಷ್ಟೇ ನಿನ್ನ ಲೆಕ್ಕ. ನೀನು ನಮ್ಮ ಹೆಡ್ ಮುಂದೆ ನಿಂತು, "ಇವಳಿಗೆ ಚಿಕ್ಕಂದಿನಿಂದ ಎದೆ ವೀಕು, ಜಾಸ್ತಿ ಕೆಲಸ ಕೊಡಬೇಡಿ" ಅಂದೆ. ಅವರು ಕೊಡಲಿಲ್ಲ. ಹೊಸ ಶಾಖೆ ನೋಡಿಕೊಳ್ಳುವ ಕೆಲಸ ನನಗಿಂತ ಆಮೇಲೆ ಸೇರಿದವರಿಗೆ ಹೋಯಿತು. ಅದಿರಲಿ.

ನೀನು ಕೇಳಿದ್ದು ಆಗುತ್ತದೆ. ಆದರೆ ಮುಖ ಮಾತ್ರ ಬದಲಾಗುತ್ತದೆ, ಒಳಗಿನ ಯಂತ್ರ ಅದೇ ಇರುತ್ತದೆ. ಅದು ತಡೆದುಕೊಳ್ಳುತ್ತದೋ ಇಲ್ಲವೋ ಮೊದಲು ನೋಡಬೇಕು. ಡಬ್ಬದ ಪಕ್ಕದಲ್ಲಿ ಅಂಟಿಸಿದ ಚೀಟಿ ಇರುತ್ತದೆ, ಅದರಲ್ಲಿರುವುದನ್ನು ಅಕ್ಷರ ಅಕ್ಷರ ಹಾಗೆಯೇ ಬರೆದು ಕಳಿಸು. ಆನ್ ಮಾಡಿದಾಗ ಮೊದಲು ಬರುವ ಹೆಸರನ್ನೂ ಬರೆ.

ಇತಿ,
ತಂಗಿ


ಜೂನ್ 20

ಗುಬ್ಬಿಗೆ,

ಚೀಟಿಯಲ್ಲಿ ಇದ್ದದ್ದನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಬರೆದೆ ಅನ್ನುವುದಕ್ಕಿಂತ ಬಿಡಿಸಿದೆ ಅನ್ನು. ಒಂದು ಅಕ್ಷರ ಉಜ್ಜಿಹೋಗಿತ್ತು, ಅದು ಏನಿರಬಹುದು ಅಂತ ಊಹೆ ಮಾಡಿ ಹಾಕಿ, ಊಹೆ ತಪ್ಪಿದರೆ ಕಂಪ್ಯೂಟರ್ ಸುಟ್ಟುಹೋಗುತ್ತದೇನೋ ಅಂತ ಹೆದರಿ ಹೊಡೆದುಹಾಕಿ, ಪಕ್ಕದಲ್ಲಿ 'ಗೊತ್ತಿಲ್ಲ' ಅಂತ ಬರೆದಿದ್ದೇನೆ.

ನಾನು ಮೇಜಿನ ಕೆಳಗೆ ತೂರಿಕೊಂಡು ಟಾರ್ಚ್ ಹಾಕಿ ಅದನ್ನು ನೋಡುತ್ತಿದ್ದಾಗ ಬೈಂಡಿಂಗ್ ಮಾಮ ಬಂದರು. "ಏನಮ್ಮಾ, ಏನಾದ್ರೂ ಬೀಳಿಸಿಕೊಂಡ್ಯಾ?" ಅಂದರು. ಇಲ್ಲ ಮಾಮ, ಇದಕ್ಕೆ ಹೊಸ ಮುಖ ಹಾಕಿಸುತ್ತಿದ್ದೇನೆ, ನನ್ನ ತಂಗಿ ಮಾಡಿಕೊಡುತ್ತಾಳೆ ಅಂದೆ. "ಮುಖಕ್ಕೆ ಪೌಡರ್ ಬಳಿದ್ರೆ ಮಂಡಿ ನೋವು ಹೋಗ್ತದಾ?" ಅಂತ ನಕ್ಕು, ಆಮೇಲೆ ತಮ್ಮ ಮಂಡಿಯನ್ನೇ ತಿಕ್ಕಿಕೊಂಡು ಕೆಳಗಿಳಿದು ಹೋದರು. ಅವರದು ಹೀಗೇ.

ಸ್ವೆಟರ್ ವಿಷಯ ಬರೆದಿದ್ದೀಯ. ಅವತ್ತು ಎಂಥ ಮಳೆ ಅಂತ ನೀನು ಬರೆಯಲಿಲ್ಲ. ಕರೆಂಟು ಹೋಗಿತ್ತು. ಬಸ್ಸುಗಳು ನಿಂತಿದ್ದವು. ಒಂದು ಬಸ್ಸು ಮಗುಚಿದೆ ಅಂತ ಪಕ್ಕದ ಮನೆಯವರು ಹೇಳಿದರು, ಅದು ಬೇರೆ ಊರಿನ ಬಸ್ಸು ಅಂತ ನನಗೇನು ಗೊತ್ತು? ನೀನು ಚಿಕ್ಕವಳಿದ್ದಾಗ ಉಸಿರು ಸಿಕ್ಕಿಕೊಂಡು ತುಟಿ ನೀಲಿಯಾದಾಗ ಎತ್ತಿಕೊಂಡು ಓಡಿದವಳು ನಾನು, ನಿಮ್ಮ ಹೆಡ್ ಅಲ್ಲ. ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಆಗಲಿ ಬಿಡು, ಇದನ್ನು ಓದಿ ಮತ್ತೆ ಮುಖ ತಿರುಗಿಸಬೇಡ. ನನ್ನ ಕೆಲಸ ಆಗಬೇಕಿದೆ. ಅಳಿಯಂದಿರು ಒಬ್ಬ ಕಂಪ್ಯೂಟರ್ ಅಂಗಡಿಯವನನ್ನು ಕರೆಸಿ ಮಾತಾಡಿಸಿದ್ದಾರೆ. ಅವನು ನನ್ನ ಮೇಜಿನ ಅಗಲ ಅಳೆದುಕೊಂಡು ಹೋದ. ನಾನು ಕುರ್ಚಿಯಲ್ಲಿ ಕೂತೇ ಇದ್ದೆ, ಸ್ವಲ್ಪ ಸರ್ಕೊಳ್ಳಿ ಅಂತ ಕೂಡ ಅನ್ನಲಿಲ್ಲ, ಟೇಪು ನನ್ನ ಹೊಟ್ಟೆಯ ಮುಂದಿಂದ ಎಳೆದ.

ಬೇಗ ಮಾಡು. ಎದೆಗೆ ಗಾಳಿ ಬಡಿಯದ ಹಾಗೆ ಕಿಟಕಿ ಹಾಕಿಕೊ. ಕಂಬಿ ಏನಾಯಿತು?

ಸರಿಯಾಗಿ ಊಟ ಮಾಡು ಅಂತ ಹೇಳಿದರೂ ಮಾಡದವಳ,
ಅಕ್ಕ


ಜುಲೈ 2

ಅಕ್ಕನಿಗೆ,

ಇದರ ಜೊತೆ ಒಂದು ಪೆನ್ ಡ್ರೈವ್ ಇದೆ. ನಮ್ಮ ಕ್ಲಾಸಿನಲ್ಲಿ ಒಂದು ಹಳೇ ಕಂಪ್ಯೂಟರನ್ನು ಹುಡುಕಿ, ನಿನ್ನದರ ಹಾಗೆಯೇ ಮಾಡಿಕೊಂಡು, ಎಲ್ಲವನ್ನೂ ಹಾಕಿ ನೋಡಿದ್ದೇನೆ. ಓಡುತ್ತದೆ. ಕಿಟಕಿಗಳು ಗಾಜಿನ ಹಾಗೆ ಹೊಳೆಯುವುದನ್ನು ಮಾತ್ರ ತೆಗೆದಿದ್ದೇನೆ, ಅದಕ್ಕೆ ನಿನ್ನ ಯಂತ್ರದಲ್ಲಿ ತ್ರಾಣವಿಲ್ಲ.

ಏನೇನಾಗುತ್ತದೆ ಅಂತ ಮೊದಲೇ ಹೇಳುತ್ತೇನೆ, ಆಮೇಲೆ ಗಾಬರಿಯಾಗಬೇಡ. ಎಡಗಡೆ ಮೂಲೆಯಲ್ಲಿದ್ದದ್ದು ಕೆಳಗೆ ನಡುವಿಗೆ ಬರುತ್ತದೆ. ಚೌಕದ ಐಕಾನುಗಳು ದುಂಡಗಾಗುತ್ತವೆ. ಬೂದು ಬಣ್ಣ ಹೋಗಿ ಬಿಳಿ ಬರುತ್ತದೆ. ಮೇಲೆ ಹುಡುಕುವ ಡಬ್ಬಿ ಬರುತ್ತದೆ, ಅದರಲ್ಲಿ ಹೆಸರು ಹಾಕಿದರೆ ಫೈಲು ತಾನೇ ಸಿಗುತ್ತದೆ. ಪರದೆಯ ಮೇಲೆ ಹರಡಿಕೊಂಡಿರುವುದೆಲ್ಲ ಒಂದೇ ಫೋಲ್ಡರಿನೊಳಗೆ ಹೋಗಿ, ಸಣ್ಣ ಸಣ್ಣ ಚಿತ್ರಗಳಾಗಿ ಸಾಲಾಗಿ ಕೂರುತ್ತದೆ. ಬೆಟ್ಟ ಹೋಗುತ್ತದೆ. ಈಗ ಯಾರೂ ಪರದೆಯ ಮೇಲೆ ಹಾಗೆ ಹರಡಿಕೊಳ್ಳುವುದಿಲ್ಲ.

ಒಂದು ಸಲ ಹೀಗೆ ಮಾಡಿದರೆ ಯಾರು ಬೇಕಾದರೂ ಬಂದು ಕೂತು ಕೆಲಸ ಮಾಡಬಹುದು. ಯೋಚನೆ ಮಾಡಿ ಹಾಕು.

ಹಾಕುವ ಕ್ರಮವನ್ನು ಹಿಂದಿನ ಹಾಳೆಯಲ್ಲಿ ಬರೆದಿದ್ದೇನೆ. ಎಲ್ಲಿ ಒತ್ತಬೇಕೋ ಅಲ್ಲೆಲ್ಲ ಚಿತ್ರ ಬಿಡಿಸಿದ್ದೇನೆ, ಓದುವುದು ಬೇಕಾಗಿಲ್ಲ. ನಡುವೆ ಪರದೆ ಕಪ್ಪಗಾಗುತ್ತದೆ. ಕೆಟ್ಟುಹೋಯಿತು ಅಂತ ವೈರು ಕೀಳಬೇಡ. ಕೈ ಕಟ್ಟಿಕೊಂಡು ಕೂತಿರು.

ಕಂಬಿಯ ವಿಷಯ ಮನೆಯವರಿಗೆ ಹೇಳಿಲ್ಲ. ನಾನು ಬಿದ್ದಿಲ್ಲ.

ತಂಗಿ


ಜುಲೈ 16

ಗುಬ್ಬಿಗೆ,

ಆಯಿತು! ಹಾಕಿದೆ! ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು.

ಭಾನುವಾರ ಪ್ರೆಸ್ಸಿನ ಬೀಗದ ಕೈ ಇಸಕೊಂಡು ಬಂದು ಒಬ್ಬಳೇ ಕೂತು ಹಾಕಿದೆ. ನಿನ್ನ ಹಾಳೆಯನ್ನು ಕೀಬೋರ್ಡಿಗೆ ಒರಗಿಸಿಟ್ಟುಕೊಂಡಿದ್ದೆ. ಎಷ್ಟು ಚೆನ್ನಾಗಿ ಬಿಡಿಸಿದ್ದೀಯ, ಬೆರಳು ಕೂಡ ಬಿಡಿಸಿದ್ದೀಯ, ಅದು ನನ್ನ ಬೆರಳಿನ ಹಾಗೇ ಸೊಟ್ಟಗಿದೆ ಅಂತ ಒಬ್ಬಳೇ ನಕ್ಕೆ. ಪರದೆ ಕಪ್ಪಗಾದಾಗ ಮಾತ್ರ ಕೈ ವೈರಿನ ಕಡೆಗೇ ಹೋಯಿತು. ಕೈ ಕಟ್ಟಿಕೊಂಡಿರು ಅಂದಿದ್ದೆಯಲ್ಲ, ಕಟ್ಟಿಕೊಳ್ಳಲು ಆಗದೆ ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿ ಅವುಗಳ ಮೇಲೆ ಕೂತೆ. ಆಮೇಲೆ ಬೆಳಕು ಬಂತು ನೋಡು, ಬಿಳಿ ಅಂದರೆ ಬಿಳಿ, ಆಸ್ಪತ್ರೆಯ ಗೋಡೆಯ ಹಾಗೆ.

ಸೋಮವಾರ ಅಳಿಯಂದಿರು ನೋಡಿ ಬಾಗಿಲಲ್ಲೇ ನಿಂತರು. "ಯಾವಾಗ ತಂದ್ರು ಇದನ್ನ?" ಅಂದರು. ತಂದಿಲ್ಲ, ಅದೇ ಇದು ಅಂದೆ. ನಂಬಲಿಲ್ಲ, ಮೇಜಿನ ಕೆಳಗೆ ಬಗ್ಗಿ ಡಬ್ಬ ನೋಡಿದರು. ಆಮೇಲೆ ಮಧ್ಯಾಹ್ನದ ತನಕ ಬಂದ ಗಿರಾಕಿಗಳನ್ನೆಲ್ಲ ಒಳಗೆ ಕರೆತಂದು ನನ್ನ ಹಿಂದೆ ನಿಲ್ಲಿಸಿದ್ದೇ ನಿಲ್ಲಿಸಿದ್ದು. ಅಂಗಡಿಯವನಿಗೆ ಫೋನ್ ಮಾಡಿ, ಬೇಡ ಬೇಡ, ನಮ್ಮದೇ ಹೊಸದಾಗಿದೆ ಅಂದರು. ನನಗೆ ಎದ್ದು ಕುಣಿಯಬೇಕು ಅನ್ನಿಸಿತು. ಕಂಪ್ಯೂಟರ್ ಉಳಿಯಿತು, ನಾನೂ ಉಳಿದೆ.

ಯಾರು ಮಾಡಿಕೊಟ್ಟದ್ದು ಅಂತ ಕೇಳಿದರು. ನನ್ನ ತಂಗಿ, ದೊಡ್ಡ ಕ್ಲಾಸಿನಲ್ಲಿ ಕಲಿಸುತ್ತಾಳೆ, ಅವಳ ಕೈಯಲ್ಲಿ ಕಲಿತವರೆಲ್ಲ ಇದೇ ಥರದ್ದರಲ್ಲಿ ಕಲಿತಿರುವುದು ಅಂತ ಹೆಮ್ಮೆಯಿಂದ ಹೇಳಿದೆ. ನಂಬರ್ ಕೇಳಿದರು, ಕೊಟ್ಟೆ. ಕೊಟ್ಟದ್ದಕ್ಕೆ ಬೈಯಬೇಡ. ನಿಮ್ಮ ಕ್ಲಾಸಿಗೂ ಒಳ್ಳೆಯದಾಗಲಿ ಅಂತ ಕೊಟ್ಟೆ.

ಯಾರು ಬೇಕಾದರೂ ಕೂರಬಹುದು ಅಂತ ಬರೆದಿದ್ದೆಯಲ್ಲ. ಅದೂ ಒಳ್ಳೆಯದೇ. ಇನ್ನು ನನಗೆ ಜ್ವರ ಬಂದರೆ ಮಲಗಬಹುದು.

ಒಂದೇ ಒಂದು ತೊಂದರೆ. ನಿನಗೆ ಮಾತ್ರ ಹೇಳುತ್ತೇನೆ. ನನಗೆ ಏನೂ ಸಿಗುತ್ತಿಲ್ಲ. ಆಸ್ಪತ್ರೆಯವರ ಚೀಟಿ ಬೇಕೆಂದಾಗ ಕೈ ತಾನಾಗಿ ಮೇಲಕ್ಕೆ ಹೋಗುತ್ತದೆ, ಅಲ್ಲಿ ಮೋಡವೇ ಇಲ್ಲ. ಫೋಲ್ಡರ್ ತೆಗೆದರೆ ಎಲ್ಲ ಒಂದರ ಪಕ್ಕ ಒಂದು ಪಡಿತರದ ಸಾಲಿನ ಹಾಗೆ ನಿಂತಿವೆ, ಎಲ್ಲರೂ ಒಂದೇ ಥರ ಕಾಣುತ್ತಾರೆ. ಹೆಸರು ಹಾಕಿ ಹುಡುಕು ಅಂದರೆ, ನಾನು ಯಾವುದಕ್ಕೂ ಹೆಸರೇ ಇಟ್ಟಿಲ್ಲ. ಕೈಗೆ ಸಿಕ್ಕ ಕೀಲಿ ಒತ್ತಿ ಜಾಗ ನೋಡಿ ಇಟ್ಟವಳು. ಬೆಟ್ಟ ಇದರ ಹಿಂದೆ ಎಲ್ಲೋ ಇರುತ್ತದೆ, ಬೇಕಾದಾಗ ಸರಿಸಿ ನೋಡಬಹುದು ಅಂದುಕೊಂಡಿದ್ದೆ. ಸರಿಸಿದೆ, ಇಲ್ಲ. ಬೇಗ ಒಂದು ಉಪಾಯ ಬರೆ. ಸದ್ಯಕ್ಕೆ ಗಿರಾಕಿ ಬಂದರೆ ಚಹಾ ಕುಡಿದು ಬನ್ನಿ ಅಂತ ಕಳಿಸಿ ಆಮೇಲೆ ಹುಡುಕುತ್ತಿದ್ದೇನೆ.

ಕಂಬಿ, ಗ್ಯಾಸು, ಕಿಟಕಿ. ಮೂರೂ ನೆನಪಿರಲಿ.

ನಿನ್ನಿಂದ ಬದುಕಿದ,
ಅಕ್ಕ


ಆಗಸ್ಟ್ 9

ಗುಬ್ಬಿಗೆ,

ನಿನ್ನ ಕಾಗದ ಬರಲಿಲ್ಲ. ಟಪಾಲಿನವರನ್ನು ಕೇಳಿದೆ, ಇಲ್ಲ ಅಂದರು. ಹುಷಾರಾಗಿದ್ದೀಯಾ? ಫೋನ್ ಮಾಡಬೇಕು ಅಂತ ಕೈ ತುರಿಸುತ್ತಿದೆ, ಮಾಡಿಲ್ಲ ನೋಡು, ನೀನು ಹೇಳಿದ ಮಾತಿಗೆ ಕಟ್ಟುಬಿದ್ದಿದ್ದೇನೆ.

ಇಲ್ಲಿ ಒಂದು ಹೊಸ ವಿಷಯ. ಅಳಿಯಂದಿರು ಒಬ್ಬಳು ಹುಡುಗಿಯನ್ನು ಕರೆತಂದಿದ್ದಾರೆ. "ನಿಮಗೆ ಕೈಯಾಸರೆಗೆ ಇರಲಿ ಅಕ್ಕಾವ್ರೇ, ಕೆಲಸ ನಿಧಾನ ಆಗ್ತಿದೆ" ಅಂದರು. ನಿಧಾನ ಆಗುತ್ತಿದೆ ಅಂತ ಅವರಿಗೆ ಹೇಗೆ ಗೊತ್ತಾಯಿತೋ, ಚಹಾ ಕುಡಿಯಲು ಹೋದ ಗಿರಾಕಿಗಳು ಹೇಳಿರಬೇಕು. ಹುಡುಗಿ ಒಳ್ಳೆಯವಳು, ತೆಳ್ಳಗೆ ಕಡ್ಡಿಯ ಹಾಗಿದ್ದಾಳೆ, ಬೆಳಿಗ್ಗೆ ಏನೂ ತಿನ್ನದೆ ಬರುತ್ತಾಳೆ. ನನ್ನ ಡಬ್ಬಿಯಲ್ಲಿ ಅರ್ಧ ಅವಳಿಗೆ. ಬಂದವಳೇ ನನ್ನ ಪಕ್ಕ ಸ್ಟೂಲಿನ ಮೇಲೆ ಕೂತಳು, ನೀನು ಕೂತುಕೊಳ್ಳುತ್ತಿದ್ದೆಯಲ್ಲ, ಅದೇ ಸ್ಟೂಲು.

ನಾನು ಸ್ವಲ್ಪ ಹೊತ್ತು ಎದ್ದು ಹೋಗಿ ಬರುವುದರೊಳಗೆ ಅವಳು ನನ್ನ ಕುರ್ಚಿಯಲ್ಲಿದ್ದಳು. ಆ ಸಣ್ಣ ಸಣ್ಣ ಚಿತ್ರಗಳನ್ನು ನೋಡಿ ನೋಡಿ ಒಂದೊಂದಕ್ಕೂ ಹೆಸರು ಹಾಕುತ್ತಿದ್ದಳು. "ಆಂಟಿ, ಇದು ಯಾರದು? ಇದು?" ಅಂತ ಕೇಳುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಹೇಳುತ್ತಾ ಹೋದೆ. ಇದು ಆಸ್ಪತ್ರೆ, ಇದು ಬೇಕರಿ, ಇವರು ತಕರಾರಿನವರು ಜೋಪಾನ. ಸಂಜೆಯೊಳಗೆ ಎಲ್ಲ ಮುಗಿಯಿತು. ಈಗ ಅವಳು ಆ ಹುಡುಕುವ ಡಬ್ಬಿಯಲ್ಲಿ ಹೆಸರು ಹಾಕಿದರೆ ಸಾಕು, ಫೈಲು ಹಾರಿ ಬರುತ್ತದೆ. ಜಗಳದ ಹೊಂಡದವರು ಕೂಡ ಎದ್ದು ಬರುತ್ತಾರೆ.

"ಎಷ್ಟು ಸಲೀಸಾಗಿ ಮಾಡ್ತೀಯಮ್ಮಾ" ಅಂದೆ. "ನಮ್ಮ ಕ್ಲಾಸಲ್ಲೂ ಥೇಟ್ ಇದೇ ಥರ ಇತ್ತು ಆಂಟಿ" ಅಂದಳು. ಯಾವ ಕ್ಲಾಸು ಅಂತ ಕೇಳುವಷ್ಟರಲ್ಲಿ ಅಳಿಯಂದಿರು ಕೂಗಿದರು.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂತ ನನಗೇ ಗೊತ್ತಿಲ್ಲ. ಉಪಾಯ ಬರೆದು ಕಳಿಸು ಅಂದಿದ್ದೆ. ಇನ್ನೂ ಬೇಕಾಗಿದೆ.

ಗೋಡೆ ಹಿಡಿದು ಇಳಿ.

ಅಕ್ಕ


ಆಗಸ್ಟ್ 24

ಗುಬ್ಬಿಗೆ,

ನಾನೀಗ ಕೆಳಗಿದ್ದೇನೆ, ಬೈಂಡಿಂಗ್ ಮಾಮನ ಜೊತೆ. ಹಾಳೆ ಮಡಿಸುವುದು, ಲೇಬಲ್ ಕಟ್ಟು ಕಟ್ಟುವುದು. "ಮೇಲೆ ಇಬ್ಬರು ಯಾಕೆ ಅಕ್ಕಾವ್ರೇ, ನೀವು ಹಳಬ್ರು, ನಿಮ್ಮನ್ನ ಬಿಡೋಕ್ಕಾಗತ್ತಾ? ಕೆಳಗೆ ಕೈ ಸಾಲದು" ಅಂದರು ಅಳಿಯಂದಿರು. ಬೇಜಾರು ಮಾಡ್ಕೋಬೇಡಿ ಅಂತ ಈ ಸಲವೂ ಹೇಳಿದರು. ಇಲ್ಲಿ ಕಿಟಕಿಯಿಲ್ಲ. ಗೋಂದಿನ ವಾಸನೆಗೆ ತಲೆ ನೋಯುತ್ತದೆ. ಮಾಮ ಮೊದಲ ದಿನ ಏನೂ ತಮಾಷೆ ಮಾಡಲಿಲ್ಲ. ತಮ್ಮ ಮೆತ್ತೆ ತೆಗೆದು ನನ್ನ ಮಣೆಯ ಮೇಲೆ ಹಾಕಿದರು, ಅದೇ ನನಗೆ ತಡೆಯಲಾಗಲಿಲ್ಲ.

ಕಂಪ್ಯೂಟರ್ ಅಲ್ಲೇ ಇದೆ. ಅದು ಉಳಿದರೆ ನಾನು ಉಳಿಯುತ್ತೇನೆ ಅಂದುಕೊಂಡಿದ್ದೆ. ಅದು ಯಾರಿಗೂ ಅರ್ಥವಾಗದ ಹಾಗಿತ್ತಲ್ಲ, ಅದಕ್ಕೇ ಇಷ್ಟು ದಿನ ನಾನು ಉಳಿದಿದ್ದೆ. ಆ ಜಾತ್ರೆಯಲ್ಲಿ ದಾರಿ ಗೊತ್ತಿದ್ದವಳು ನಾನೊಬ್ಬಳೇ. ನನ್ನ ಕೈಯಾರೆ ರಸ್ತೆ ಮಾಡಿಕೊಟ್ಟೆ. ಪಕ್ಕದಲ್ಲಿ ನಿಂತು ಒಂದೊಂದು ಮನೆಯನ್ನೂ ತೋರಿಸಿಕೊಟ್ಟೆ.

ನಿನ್ನೆ ಹುಡುಗಿ ಊಟಕ್ಕೆ ಕೆಳಗೆ ಬಂದಿದ್ದಳು. ಯಾವ ಕ್ಲಾಸಿನಲ್ಲಿ ಕಲಿತದ್ದು ಅಂತ ಈಗ ಕೇಳಿದೆ. ಹೇಳಿದಳು. ಯಾವ ಮೇಡಂ ಅಂದೆ. "ಹೆಸರು ಹೇಳಿದ್ರೆ ನಿಮಗೆ ಗೊತ್ತಾಗಲ್ಲ ಆಂಟಿ. ನಾವೆಲ್ಲ ಸ್ವೆಟರ್ ಮೇಡಂ ಅಂತೀವಿ. ಅವರೇ ಇಲ್ಲಿಗೆ ಕಳಿಸಿದ್ದು" ಅಂದಳು. ನಗುತ್ತಾ ಅಂದಳು, ಪಾಪ. ಅವಳಿಗೆ ಏನೂ ಗೊತ್ತಿಲ್ಲ. ನಾನೂ ಹೇಳಲಿಲ್ಲ.

ಬೇರೆ ಏನೂ ಕೇಳುವುದಿಲ್ಲ, ಒಂದೇ ಕೇಳುತ್ತೇನೆ. ಅಳಿಯಂದಿರು ಫೋನ್ ಮಾಡಿ ಒಬ್ಬರನ್ನು ಕಳಿಸಿ ಅಂದಾಗ, ಯಾರ ಜಾಗಕ್ಕೆ ಅಂತ ನೀನು ಕೇಳಿದೆಯಾ?

ಅಕ್ಕ


ಸೆಪ್ಟೆಂಬರ್ 5

ಅಕ್ಕನಿಗೆ,

ಕೇಳಲಿಲ್ಲ.

ಅವರು ಫೋನ್ ಮಾಡಿದ್ದು ಕ್ಲಾಸಿನ ಹೊತ್ತಿನಲ್ಲಿ. ಚುರುಕಾಗಿ ಕೆಲಸ ಮಾಡುವವರು ಯಾರಾದರೂ ಇದ್ದಾರಾ ಅಂದರು. ಕಲಿತು ಕೆಲಸ ಸಿಗದೆ ಕೂತವರು ನನ್ನ ಕಣ್ಣೆದುರೇ ಇದ್ದರು. ಆ ಹುಡುಗಿಯ ಮನೆಯಲ್ಲಿ ದುಡಿಯುವವರು ಯಾರೂ ಇಲ್ಲ. ಹೆಸರು ಹೇಳಿದೆ. ಯಾರ ಜಾಗಕ್ಕೆ ಅಂತ ಕೇಳುವುದು ಎಷ್ಟು ಹೊತ್ತಿನ ಕೆಲಸ? ಕೇಳಿದ್ದರೆ ಉತ್ತರ ಸಿಗುತ್ತಿತ್ತು. ಉತ್ತರ ಸಿಕ್ಕಿದ್ದರೆ ಏನಾದರೂ ಮಾಡಬೇಕಾಗುತ್ತಿತ್ತು. ಅದಕ್ಕೇ ಕೇಳಲಿಲ್ಲ ಅನ್ನಿಸುತ್ತದೆ. ಆಮೇಲೆ ನಿನ್ನ ಕಾಗದ ಬಂತು, 'ನಿನ್ನಿಂದ ಬದುಕಿದ' ಅಂತ ಬರೆದಿದ್ದೆ. ಅದನ್ನು ಓದಿದ ಮೇಲೆ ನಿನಗೆ ಬರೆಯಲು ಕೂತು ಕೂತು ಎದ್ದೆ.

ಸ್ವೆಟರಿಗೆ ಸೇಡು ತೀರಿಸಿಕೊಂಡೆ ಅಂತ ನೀನು ಅಂದುಕೊಳ್ಳಬಹುದು. ಹಾಗೇನಿಲ್ಲ. ಇಲ್ಲ ಅಂತಲೇ ನಂಬಿದ್ದೇನೆ.

ನಿನ್ನ ಬೆಟ್ಟದ ಚಿತ್ರ ಅಳಿಸಿಹೋಗಿಲ್ಲ, ನಿನ್ನ ಹತ್ತಿರ ಇರುವ ಪೆನ್ ಡ್ರೈವಿನಲ್ಲೇ ಅದು ಉಳಿಯುವ ಹಾಗೆ ಮಾಡಿದ್ದೆ. ನಾನು ಬಂದು ಎಲ್ಲ ಮೊದಲಿನ ಹಾಗೆ ಮಾಡಿಕೊಡಲಾ? ಅಳಿಯನ ಹತ್ತಿರ ನಾನೇ ಮಾತಾಡುತ್ತೇನೆ. ಬರೆ.

ಗುಬ್ಬಿ


ಅಕ್ಟೋಬರ್ 11

ಅಕ್ಕಾ,

ನಿನ್ನ ಕಾಗದ ಇಲ್ಲ. ಒಂದೂ ಇಲ್ಲ. ಬೈದಾದರೂ ಬರೆಯಬಹುದಿತ್ತು.

ಮೆಟ್ಟಿಲಿಗೆ ಕಂಬಿ ಹಾಕಿಸಿದರು. ನಾನೇ ಗಲಾಟೆ ಮಾಡಿ ಹಾಕಿಸಿದೆ. ನೀನು ಕೇಳಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಹಸಿರು ಬಣ್ಣ. ಇನ್ನೂ ಪೂರ್ತಿ ಒಣಗಿಲ್ಲ, ಹಿಡಿದರೆ ಕೈಗೆ ಹತ್ತುತ್ತದೆ.

ಗೋಂದಿನ ವಾಸನೆಗೆ ತಲೆನೋವು ಅಂದಿದ್ದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯಾ? ಮಣೆಯ ಮೇಲೆ ಕೂತು ನಿನ್ನ ಬೆನ್ನು ಏನಾಗಿದೆಯೋ. ಊಟ ಪೂರ್ತಿ ನೀನೇ ಮಾಡು, ಅರ್ಧ ಹಂಚಬೇಡ.

ಗುಬ್ಬಿ


ನವೆಂಬರ್ 2

ಅಕ್ಕಾ,

ನಿನ್ನೆ ಪ್ರೆಸ್ಸಿಗೆ ಫೋನ್ ಮಾಡಿದೆ. ಬೆಳಿಗ್ಗೆ ಮಾಡಿದೆ, ಮಧ್ಯಾಹ್ನ ಮಾಡಿದೆ, ಸಂಜೆ ಮತ್ತೆ ಮಾಡಿದೆ. ಆ ಹುಡುಗಿಯೇ ಎತ್ತಿದಳು. "ಆಂಟಿ ಕೆಳಗಿದ್ದಾರೆ, ಕರೆದೆ, ಬರಲ್ಲ ಅಂದ್ರು" ಅಂದಳು. ನೀನು ನಿಜವಾಗಲೂ ಹಾಗೆ ಅಂದೆಯಾ? ಇಲ್ಲ ಹುಷಾರಿಲ್ಲದೆ ಮಲಗಿದ್ದೀಯಾ? ನೀನು ಆಸ್ಪತ್ರೆಗೆ ಸೇರಿರುವುದನ್ನು ಇವರೆಲ್ಲ ನನಗೆ ಮುಚ್ಚಿಡುತ್ತಿದ್ದಾರಾ? ಇಲ್ಲಿ ಕ್ಲಾಸಿನಲ್ಲಿ ನಿಂತು ಏನು ಹೇಳುತ್ತಿದ್ದೆ ಅಂತ ಮರೆತುಹೋಗುತ್ತಿದೆ. ಒಂದು ಸಾಲು ಬರೆ. ಚೆನ್ನಾಗಿದ್ದೇನೆ ಅಂತ ಬರೆದರೂ ಸಾಕು.

ನಿನ್ನ ಗುಬ್ಬಿ


ನವೆಂಬರ್ 15

ತಂಗಿಗೆ,

ಪ್ರೆಸ್ಸಿಗೆ ಫೋನ್ ಮಾಡಬೇಡ. ಹುಡುಗಿ ಮೆಟ್ಟಿಲ ತುದಿಯಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಕೂಗುತ್ತಾಳೆ. ಕೆಳಗಿನವರು ನಗುತ್ತಾರೆ.

ಪೆನ್ ಡ್ರೈವ್ ಇದರ ಜೊತೆ ಇಟ್ಟಿದ್ದೇನೆ. ಬೆಟ್ಟ ಬೇಡ. ಅದರ ಮೇಲೆ ಇಡಲು ನನ್ನ ಹತ್ತಿರ ಈಗ ಯಾರೂ ಇಲ್ಲ.

ಚೆನ್ನಾಗಿದ್ದೇನೆ. ಏನಾದರೂ ಇದ್ದರೆ ಕಾಗದ ಬರಿ. ಗಾಬರಿ ದಾರಿಯಲ್ಲೇ ತಣ್ಣಗಾಗುತ್ತೆ.

ಅಕ್ಕ